ಹುಳುಕು ಎಲ್ಲಿದೆ?

ನೆಗಡಿಗೆ ಔಷಧ ಹೇಳದ ಮನುಷ್ಯ ನಮ್ಮ ದೇಶದಲ್ಲಿ ಇನ್ನೂ ಹುಟ್ಟಿಲ್ಲ. ನೀವು ಒಂದು ಸಲ ಸೀನಿದರೆ ಸಾಕು, ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತ ಅಪರಿಚಿತರು ಕೂಡ ಮೆಣಸಿನ ಕಷಾಯದ ಕ್ರಮವನ್ನು ವಿವರಿಸಿ, ಬೆಲ್ಲ ಎಷ್ಟು ಹಾಕಬೇಕೆಂಬುದನ್ನೂ ತಿಳಿಸಿ, ತಮ್ಮ ಸ್ಟಾಪಿನಲ್ಲಿ ಇಳಿದುಹೋಗುತ್ತಾರೆ. ಸೀನು ಏತರಿಂದ ಬಂತು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕಾರಣವನ್ನು ಹುಡುಕುವುದಕ್ಕೆ ಸಮಯ ಬೇಕು. ಪರಿಹಾರವನ್ನು ಹೇಳುವುದಕ್ಕೆ ಬಾಯಿ ಇದ್ದರೆ ಸಾಕು. ಮನೆಯ ಕಂಪ್ಯೂಟರು ಕೆಟ್ಟಾಗಲೂ ಲೋಕದಲ್ಲಿ ಇದೇ ರೀತಿ ನಡೆಯುತ್ತದೆಂಬುದು ಕಳೆದ ಮಳೆಗಾಲದಲ್ಲಿ ನನ್ನ ಅನುಭವಕ್ಕೆ ಬಂತು.

ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ಪ್ರಶ್ನಪತ್ರಿಕೆ ಟೈಪು ಮಾಡುವಷ್ಟು ಕಂಪ್ಯೂಟರ್ ಜ್ಞಾನ ನನಗೆ ಧಾರಾಳವಾಗಿ ಸಾಕು. ಆದರೆ ನನ್ನ ಮಗನ ಕೋಣೆಯಲ್ಲಿರುವುದು ಆ ಜಾತಿಯದಲ್ಲ. ಅದು ಆಟದ ಕಂಪ್ಯೂಟರು. ಒಂದು ಪಕ್ಕಕ್ಕೆ ಗಾಜಿನ ಗೋಡೆ, ಒಳಗೆ ದಸರಾ ದೀಪಾಲಂಕಾರವನ್ನು ನೆನಪಿಗೆ ತರುವ ಬಣ್ಣಬಣ್ಣದ ಬೆಳಕು, ನಾಲ್ಕೈದು ಫ್ಯಾನುಗಳು. ಹುಡುಗ ಎಸ್.ಎಸ್.ಎಲ್.ಸಿ. ಮುಗಿಸಿದ ವರ್ಷ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಭಾಗಗಳನ್ನು ಒಂದೊಂದಾಗಿ ಕೊಂಡು ತಂದು, ಮೈಸೂರಿನ ಒಂದು ಅಂಗಡಿಯಲ್ಲಿ ಜೋಡಿಸಿದ್ದಾಯಿತು. ಬೆಲೆಯನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಮನೆಯಾಕೆ ಈ ಪುರವಣಿಯನ್ನು ತಪ್ಪದೆ ಓದುತ್ತಾಳೆ.

ಒಂದು ವರ್ಷ ಯಂತ್ರ ತೊಂದರೆ ಕೊಡಲಿಲ್ಲ. ಎರಡನೆಯ ವರ್ಷದ ಜೂನ್ ತಿಂಗಳಲ್ಲಿ ಅದಕ್ಕೆ ರೋಗ ಹಿಡಿಯಿತು. ಹುಡುಗ ಹೊಸದೊಂದು ಆಟವನ್ನು ಹಾಕಿಕೊಂಡಿದ್ದ. ಇಪ್ಪತ್ತು ನಿಮಿಷ ಆಡಿದ ಮೇಲೆ ಇದ್ದಕ್ಕಿದ್ದಂತೆ ಪರದೆ ಕಪ್ಪಾಗುವುದು, ಯಂತ್ರ ತಾನಾಗಿ ಮತ್ತೆ ಮೊದಲಿನಿಂದ ಶುರುವಾಗುವುದು. ಕೆಲವು ಸಲ ಕಪ್ಪಿನ ಬದಲು ನೀಲಿ ಪರದೆ ಬಂದು, ಅಳುಮೋರೆಯ ಚಿತ್ರದ ಕೆಳಗೆ ಏನೋ ಬೀಜಾಕ್ಷರಗಳು ಕಾಣುವುವು.

ಕೂಡಲೆ ವೈದ್ಯರು ನೆರೆದರು. ಪಕ್ಕದ ಮನೆಯ ನಿವೃತ್ತ ಇಂಜಿನಿಯರರು "ವೈರಸ್ಸು" ಎಂದರು. ನಮ್ಮ ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕರು, ಸಂಜೆ ಹೊತ್ತು ಮಾತ್ರ ಕೆಡುತ್ತದೆಂದು ಕೇಳಿ, "ಹಾಗಾದರೆ ವೋಲ್ಟೇಜು, ಸಂಜೆ ಎಲ್ಲರ ಮನೆಯಲ್ಲೂ ದೀಪ ಹಾಕುತ್ತಾರಲ್ಲ" ಎಂದು ತೀರ್ಮಾನಿಸಿದರು. ಸಂಜೆ ಕೆಡುವುದಕ್ಕೆ ಕಾರಣ ಬೇರೆಯೇ ಇತ್ತು: ಆಡುವುದಕ್ಕೆ ಅವನಿಗೆ ಅಪ್ಪಣೆ ಇದ್ದದ್ದೇ ಸಂಜೆ. ಕಾಗೆ ಕೂರುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಗಂಟು ಹಾಕಬೇಡಿರೆಂದು ನಮ್ಮ ಹಿರಿಯರು ಕಾಕತಾಳೀಯ ನ್ಯಾಯವನ್ನು ಹೇಳಿದ್ದು ಇಂಥ ಹೊತ್ತಿಗಾಗಿಯೇ. ಅಂಗಡಿಯ ತಂತ್ರಜ್ಞನಂತೂ ಮುಚ್ಚಳವನ್ನೂ ತೆಗೆಯದೆ, "ಬೋರ್ಡ್ ಹೋಗಿದೆ ಸಾರ್, ಹದಿನಾಲ್ಕು ಸಾವಿರ ಆಗುತ್ತೆ" ಎಂದ. ನನ್ನ ತಾಯಿ, "ಅದಕ್ಕೂ ದಣಿವಾಗೋದಿಲ್ಲವೇನೋ, ಪಾಪ" ಎಂದರು.

ಎಲ್ಲಕ್ಕಿಂತ ಭಾರವಾದ ಮಾತು ನನ್ನ ಭಾವಮೈದುನನದು. ಭಾನುವಾರ ಊಟಕ್ಕೆ ಬಂದವನು, "ಕೆಟ್ಟಿದ್ದೇ ಒಳ್ಳೇದಾಯಿತು, ಭಾವ. ರಿಪೇರಿ ಮಾಡಿಸಬೇಡಿ, ಮಾರಿಬಿಡಿ. ಕೊಳ್ಳೋರನ್ನ ನಾನು ತೋರಿಸ್ತೀನಿ. ಇವನ ಲೆಕ್ಕದ ಮಾರ್ಕ್ಸು ಬಿದ್ದಿರೋದಕ್ಕೆ ಆ ಡಬ್ಬವೇ ಕಾರಣ" ಎಂದ. ಮಾರ್ಕ್ಸು ಬಿದ್ದದ್ದು ನಿಜ. ಎರಡನೆಯ ಪಿ.ಯು.ಸಿ.ಯ ಮೊದಲ ಕಿರುಪರೀಕ್ಷೆಯಲ್ಲಿ ಗಣಿತಕ್ಕೆ 50ಕ್ಕೆ 20 ಬಂದಿತ್ತು. ಹುಡುಗ ತಲೆ ತಗ್ಗಿಸಿಕೊಂಡು ಸಾರನ್ನ ಕಲೆಸುತ್ತಿದ್ದ. ಮಜ್ಜಿಗೆಗೆ ಕಾಯದೆ ಎದ್ದುಹೋದ. ನಾನು, "ಗೌರಿಹಬ್ಬದವರೆಗೆ ನೋಡೋಣ. ದುಡ್ಡು ಸುರಿಯದೆ ಸರಿಯಾದರೆ ಇರಲಿ, ಇಲ್ಲದಿದ್ದರೆ ಕೊಟ್ಟುಬಿಡೋಣ" ಎಂದು ಗಡುವು ಹಾಕಿದೆ.

ಗಡುವು ಹಾಕಿದ್ದು ಉದಾರತೆಯಿಂದಲ್ಲ, ವೃತ್ತಿಯ ಅಭ್ಯಾಸದಿಂದ. ಎಂ.ಎ. ತರಗತಿಯಲ್ಲಿ ನಮಗೆ ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ'ಯನ್ನು ಓದಿಸಿದ್ದರು. ಓಲೆಗರಿಯಲ್ಲಿ ಅರ್ಥವಾಗದ ಪಾಠ ಕಂಡಾಗ ಅದನ್ನು ಒಮ್ಮೆಗೇ ತಿದ್ದಬಾರದು ಎಂಬುದು ಆ ಶಾಸ್ತ್ರದ ಮೊದಲ ಮರ್ಯಾದೆ. ತಪ್ಪು ಈ ಪ್ರತಿಯಲ್ಲಿ ಕಾಣುತ್ತದೆ, ನಿಜ. ಆದರೆ ಹುಟ್ಟಿದ್ದು ಇಲ್ಲಿಯೇ ಎಂದು ಹೇಳುವಂತಿಲ್ಲ. ಇದರ ಮೂಲಪ್ರತಿಯಲ್ಲಿ, ಅದರ ಮೂಲದಲ್ಲಿ, ಯಾವನೋ ಲಿಪಿಕಾರ ಮಂದಬೆಳಕಿನಲ್ಲಿ ಪಕಾರವನ್ನು ವಕಾರವೆಂದು ಓದಿಕೊಂಡ ಗಳಿಗೆಯಲ್ಲಿ ಹುಟ್ಟಿರಬಹುದು. ನೋವು ಕಂಡ ಜಾಗವೇ ರೋಗದ ಜಾಗವಲ್ಲ.

ಕಂಪ್ಯೂಟರಿನ ಪಂಡಿತರು ದೋಷವನ್ನು 'ಬಗ್', ಎಂದರೆ ಹುಳು, ಎನ್ನುತ್ತಾರೆ. 1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಮಾರ್ಕ್-2 ಎಂಬ ಯಂತ್ರ ಕೆಟ್ಟಾಗ, ಒಳಗೆ ಒಂದು ರಿಲೇಯಲ್ಲಿ ನಿಜವಾಗಿಯೂ ಪತಂಗವೊಂದು ಸಿಕ್ಕಿಕೊಂಡಿತ್ತು. ಅದನ್ನು ತೆಗೆದು ದಿನಚರಿ ಪುಸ್ತಕದಲ್ಲಿ ಅಂಟಿಸಿ, ಹುಳು ಕೈಗೆ ಸಿಕ್ಕ ಮೊದಲ ನಿದರ್ಶನ ಇದು ಎಂದು ತಮಾಷೆಯಾಗಿ ಬರೆದಿಟ್ಟರು. ಆ ಪುಟ ಇಂದಿಗೂ ಸ್ಮಿತ್‌ಸೋನಿಯನ್ ಸಂಸ್ಥೆಯಲ್ಲಿದೆ. ಗ್ರೇಸ್ ಹಾಪರ್ ಎಂಬ ವಿದುಷಿ ಈ ಕಥೆಯನ್ನು ಲೋಕಪ್ರಸಿದ್ಧ ಮಾಡಿದರು. ಮಾತು ಅದಕ್ಕಿಂತ ಹಳೆಯದು. 1878ರಲ್ಲಿಯೇ ಎಡಿಸನ್ ತನ್ನ ಕಾಗದವೊಂದರಲ್ಲಿ ಯಂತ್ರದೋಷಕ್ಕೆ ಈ ಹೆಸರನ್ನು ಬಳಸಿದ್ದ. ಇದನ್ನು ಓದಿ ನಾನು ಕನ್ನಡಿಗನಾಗಿ ಸ್ವಲ್ಪ ಬೀಗಿದೆ. ನಮ್ಮಲ್ಲಿ ದೋಷಕ್ಕೆ 'ಹುಳುಕು' ಎನ್ನುವುದಿಲ್ಲವೆ? ಹುಳು ಬಿದ್ದ ಹಲ್ಲು ಹುಳುಕು ಹಲ್ಲು. ಹೊರಗೆ ಬೆಳ್ಳಗೆ ನಗುತ್ತಿರುತ್ತದೆ, ಕೊರೆಯುವುದು ಒಳಗೆ.

ಇನ್ನು ನಮ್ಮ ಹುಳುಕಿನ ಕಥೆ. ವಿಂಡೋಸ್ ತನ್ನ ಕಷ್ಟಸುಖಗಳನ್ನು ಬರೆದಿಡುವ ಒಂದು ದಿನಚರಿಯುಂಟು. 'ಈವೆಂಟ್ ವ್ಯೂವರ್' ಎಂದು ಅದರ ಹೆಸರು. ಹುಡುಗ ಅದನ್ನು ತೆರೆದು ತೋರಿಸಿದ. ಪರದೆ ಕಪ್ಪಾದ ಪ್ರತಿ ಸಲವೂ 'ಕರ್ನಲ್-ಪವರ್, 41' ಎಂಬ ನಮೂದು. ಇದರ ಅರ್ಥವೇನು? ಯಂತ್ರ ಕ್ರಮವಾಗಿ ಮುಚ್ಚಿಕೊಳ್ಳದೆ ಮತ್ತೆ ಶುರುವಾಯಿತು ಎಂದು. ಏಕೆ ಎಂಬುದನ್ನು ಅದು ಹೇಳುವುದಿಲ್ಲ. ಮೂರ್ಛೆ ತಿಳಿದೆದ್ದವನನ್ನು "ಏನಾಯಿತಪ್ಪ?" ಎಂದು ಕೇಳಿದರೆ "ಮೂರ್ಛೆ ಹೋಗಿದ್ದೆ" ಎಂದಂತಾಯಿತು.

ಆಗ ಹುಡುಗ ಒಂದು ಕೆಲಸ ಮಾಡಿದ. ಹಳೆಯ ನೋಟುಪುಸ್ತಕ ತೆಗೆದುಕೊಂಡು ಗೆರೆ ಎಳೆದು, ತಾರೀಖು, ಗಂಟೆ, ಏನು ಮಾಡುತ್ತಿದ್ದಾಗ, ಎಷ್ಟು ನಿಮಿಷಕ್ಕೆ, ಕಪ್ಪೋ ನೀಲಿಯೋ ಎಂದು ಐದು ಅಂಕಣ ಮಾಡಿದ. ನಾಲ್ಕು ದಿನದಲ್ಲಿ ಏಳು ಕಪ್ಪು, ಐದು ನೀಲಿ. ಬರೆದು ನೋಡಿದ ಮೇಲೆ, ಬರೆಯದಿದ್ದಾಗ ಕಾಣದೆ ಇದ್ದದ್ದು ಕಂಡಿತು. ನೀಲಿ ಬರುವುದಕ್ಕೆ ಆಟವೇ ಬೇಕಿರಲಿಲ್ಲ, ಸುಮ್ಮನೆ ಚಲನಚಿತ್ರ ನೋಡುವಾಗಲೂ ಬಂದಿತ್ತು. ಕಪ್ಪು ಮಾತ್ರ ಹೊಸ ಆಟದಲ್ಲಿ, ಅದೂ ಯುದ್ಧವೋ ಬೆಂಕಿಯೋ ಪರದೆಯನ್ನೆಲ್ಲ ತುಂಬಿದ ಹೊತ್ತಿನಲ್ಲಿ. ಎಂದರೆ ರೋಗ ಒಂದಲ್ಲ, ಎರಡು. ಒಂದರ ಮೇಲೊಂದು ಬಿದ್ದು ಒಂದರಂತೆ ಕಾಣುತ್ತಿದ್ದುವು. ಇಬ್ಬರು ಲಿಪಿಕಾರರ ತಪ್ಪುಗಳು ಒಂದೇ ಸಾಲಿನಲ್ಲಿ ಕೂಡಿದಾಗ ಸಂಪಾದಕನಿಗೆ ಆಗುವ ಪಾಡೇ ಇದು.

ನೀಲಿಯದನ್ನು ಮೊದಲು ಹಿಡಿದೆವು. ಅದರಲ್ಲಿದ್ದ ಬೀಜಾಕ್ಷರ 'ವಿಡಿಯೊ ಟಿ.ಡಿ.ಆರ್. ಫೇಲ್ಯೂರ್'. ಚಿತ್ರಗಳನ್ನು ಮೂಡಿಸುವ ಗ್ರಾಫಿಕ್ಸ್ ಕಾರ್ಡು ಎರಡು ಸೆಕೆಂಡಿನೊಳಗೆ ಓಗೊಡದಿದ್ದರೆ ವಿಂಡೋಸ್ ಅದನ್ನು ತಟ್ಟಿ ಎಬ್ಬಿಸಲು ನೋಡುತ್ತದೆ. ಎಚ್ಚರಗೊಳ್ಳದಿದ್ದರೆ ನೀಲಿ ಪರದೆ ಎಳೆಯುತ್ತಿತ್ತು. ಕಾರ್ಡಿಗೂ ವಿಂಡೋಸಿಗೂ ನಡುವೆ 'ಡ್ರೈವರ್' ಎಂಬ ತಂತ್ರಾಂಶ ದುಭಾಷಿಯಾಗಿ ನಿಂತಿರುತ್ತದೆ. ದಿನಚರಿಯನ್ನು ಹಿಂದಕ್ಕೆ ತಿರುವಿ ನೋಡಿದರೆ, ಮೊದಲ ನೀಲಿಯ ಹಿಂದಿನ ರಾತ್ರಿ ವಿಂಡೋಸ್ ತಾನಾಗಿಯೇ ಆ ದುಭಾಷಿಯನ್ನು ಬದಲಾಯಿಸಿತ್ತು. ಹಳಬನ ಚೂರುಪಾರು ಒಳಗೆ ಉಳಿದಿರುವಾಗಲೇ ಹೊಸಬ ಬಂದರೆ ಇಬ್ಬರೂ ಒಟ್ಟಿಗೆ ಮಾತನಾಡಿ ಅರ್ಥ ಕೆಡುವುದುಂಟು. ಯಂತ್ರವನ್ನು 'ಸೇಫ್ ಮೋಡ್' ಎಂಬ ಅಲ್ಪಾಹಾರದ ಸ್ಥಿತಿಗೆ ತಂದು, 'ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್' ಎಂಬ ತಂತ್ರಾಂಶದಿಂದ ಇಬ್ಬರನ್ನೂ ಗುಡಿಸಿಹಾಕಿ, ಮೊದಲು ಚೆನ್ನಾಗಿ ನಡೆಯುತ್ತಿದ್ದ ಆವೃತ್ತಿಯನ್ನು ಹೊಸದಾಗಿ ಕೂರಿಸಿದ. ನೀಲಿ ಹೋಯಿತು. ಕಪ್ಪು ಉಳಿಯಿತು.

ಕಪ್ಪಿಗೆ ಬೀಜಾಕ್ಷರವಿಲ್ಲ. ಇದ್ದರೂ ನೆಚ್ಚುವಂತಿಲ್ಲವೆಂಬುದಕ್ಕೆ ಹುಡುಗ ಒಂದು ದೊಡ್ಡ ಉದಾಹರಣೆ ಹೇಳಿದ. 2024ರಲ್ಲಿ ಇಂಟೆಲ್ ಕಂಪೆನಿಯ ಹದಿಮೂರು, ಹದಿನಾಲ್ಕನೆಯ ತಲೆಮಾರಿನ ಪ್ರೊಸೆಸರುಗಳಿದ್ದ ಅನೇಕರ ಆಟಗಳು, ಚಿತ್ರದ ನೆನಪಿಗೆ ಜಾಗ ಸಾಲದು ಎಂಬ ಸಂದೇಶ ಕೊಟ್ಟು ನಿಲ್ಲುತ್ತಿದ್ದುವು. ಓದಿದವರು ಗ್ರಾಫಿಕ್ಸ್ ಕಾರ್ಡನ್ನು ದೂರಿದರು. ಕಾರ್ಡು ನಿರಪರಾಧಿ. ಪ್ರೊಸೆಸರಿಗೆ ಬೇಕಾದುದಕ್ಕಿಂತ ಹೆಚ್ಚು ವೋಲ್ಟೇಜು ಹೋಗುತ್ತಿದ್ದುದರಿಂದ ಪ್ರೊಸೆಸರೇ ಸವೆಯುತ್ತಿತ್ತು ಎಂದು ಆ ವರ್ಷ ಕಂಪೆನಿಯೇ ತಿಳಿಸಿ, ಅದರ ಒಳಗಿನ ಮೈಕ್ರೋಕೋಡನ್ನು ತಿದ್ದಿ, ವಾರಂಟಿಯನ್ನು ಎರಡು ವರ್ಷ ಮುಂದುವರಿಸಿತು. ನರಳುವವನು ಒಬ್ಬ, ನರಳಿಸುವವನು ಇನ್ನೊಬ್ಬ.

ಆದ್ದರಿಂದ ಒಂದೊಂದನ್ನೇ ಶೋಧಿಸುವುದೆಂದು ಗೊತ್ತುಮಾಡಿಕೊಂಡೆವು. ನಡುಮನೆಯ ಮೇಜಿನ ಮೇಲೆ ಹಳೆಯ ಬೆಡ್‌ಷೀಟು ಹಾಸಿ ಯಂತ್ರವನ್ನು ಮಲಗಿಸಿದ್ದಾಯಿತು. ಅದರ ಮಡಿ ನಮ್ಮ ಅಜ್ಜಿಯ ಮಡಿಗಿಂತ ಕಠಿಣ. ಒಳಗೆ ಕೈ ಹಾಕುವ ಮುನ್ನ ಪೆಟ್ಟಿಗೆಯ ಲೋಹವನ್ನು ಮುಟ್ಟಬೇಕು. ಮೈಯಲ್ಲಿ ನಿಂತ ಸ್ಥಿರವಿದ್ಯುತ್ತು ಹರಿದುಹೋಗಬೇಕು. ಮುಟ್ಟದೆ ಕೈ ಚಾಚಿದರೆ ಹುಡುಗ "ಅಪ್ಪಾ!" ಎಂದು ಕೂಗುತ್ತಿದ್ದ.

ಮೊದಲು ಧೂಳು ತೆಗೆದು ಉಷ್ಣತೆಯನ್ನು ನೋಡಿದೆವು. ಆಟದ ನಡುವೆ ಪ್ರೊಸೆಸರಿನ ಶಾಖ 72 ಡಿಗ್ರಿ ಸೆಲ್ಸಿಯಸ್, ಅಂಜುವ ಕಾರಣವಿರಲಿಲ್ಲ. ಆಮೇಲೆ ರ‍್ಯಾಮ್ ಎಂಬ ನೆನಪಿನ ಪಟ್ಟಿಗಳು. ಅವುಗಳ ಪರೀಕ್ಷೆಗೆ 'ಮೆಮ್‌ಟೆಸ್ಟ್86' ಎಂಬುದಿದೆ. ಪೆನ್‌ಡ್ರೈವಿನಿಂದ ಅದನ್ನು ಓಡಿಸಿದರೆ, ನೆನಪಿನ ಪ್ರತಿಯೊಂದು ಮನೆಯಲ್ಲೂ ಏನನ್ನೋ ಬರೆದು, ಬರೆದದ್ದೇ ಇದೆಯೇ ಎಂದು ಮತ್ತೆ ಓದಿ ನೋಡುತ್ತದೆ. ರಾತ್ರಿಯೆಲ್ಲ ಅದಕ್ಕೆ ಜಾಗರಣೆ. ಬೆಳಗ್ಗೆ ಎದ್ದು ನೋಡಿದರೆ ನಾಲ್ಕು ಆವರ್ತ ಮುಗಿದು ತಪ್ಪು ಸೊನ್ನೆ. ನಮ್ಮ ವಿದ್ಯಾರ್ಥಿಗಳ ಹಳಗನ್ನಡದ ಕಂಠಪಾಠಕ್ಕೆ ಇಂಥದೊಂದು ಯಂತ್ರ ಇರಬಾರದಿತ್ತೆ ಎನ್ನಿಸಿತು.

ಉಳಿದದ್ದು ವಿದ್ಯುತ್ತನ್ನು ಹಂಚುವ ಪೆಟ್ಟಿಗೆ. ಅಂಗಡಿಯವರ ಭಾಷೆಯಲ್ಲಿ ಎಸ್.ಎಂ.ಪಿ.ಎಸ್. ಹುಡುಗನ ಸಹಪಾಠಿಯೊಬ್ಬ ತನ್ನದನ್ನು ಬಿಚ್ಚಿ ಎರವಲು ಕೊಟ್ಟ. ಈ ವಯಸ್ಸಿನ ಸ್ನೇಹಕ್ಕೆ ಮಾತ್ರ ಸಾಧ್ಯವಾದ ದಾನ. ಅದನ್ನು ಹಾಕಿದ ಮೇಲೆ ಮೂರು ಸಂಜೆ ಪರದೆ ಕಪ್ಪಾಗಲಿಲ್ಲ. ನಮ್ಮದನ್ನು ತಿರುಗಿ ಹಾಕಿದರೆ ಮೊದಲ ಸಂಜೆಯೇ ಕಪ್ಪು. ಇದು ಇದ್ದರೆ ಅದು ಇದೆ, ಇದು ಇಲ್ಲದಿದ್ದರೆ ಅದು ಇಲ್ಲ. ತಾರ್ಕಿಕರು ಅನ್ವಯ ವ್ಯತಿರೇಕ ಎಂದು ಹೇಳುವುದು ಇದನ್ನೇ. ಎಸ್.ಎಂ.ಪಿ.ಎಸ್. ಹೋಗಿದೆ, ಹೊಸದಕ್ಕೆ ಆರು ಸಾವಿರ ಎಂದು ಲೆಕ್ಕ ಹಾಕಲು ತೊಡಗಿದ್ದೆ. ಹುಡುಗ ಮಾತ್ರ ನೋಟುಪುಸ್ತಕವನ್ನೇ ನೋಡುತ್ತ ಕುಳಿತಿದ್ದವನು, "ಅಪ್ಪ, ಬದಲಾಯಿಸಿದ್ದು ಒಂದಲ್ಲ, ಎರಡು. ಪೆಟ್ಟಿಗೆಯ ಜೊತೆಗೆ ಅದರ ಕೇಬಲ್ಲೂ ಬದಲಾಯ್ತು" ಎಂದ.

ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಂದು ಪೆಟ್ಟಿಗೆಯ ಕೇಬಲನ್ನು ಇನ್ನೊಂದಕ್ಕೆ ಹಾಕುವಂತಿಲ್ಲ. ತುದಿ ಒಂದೇ ತರಹ ಕಂಡರೂ ಒಳಗಿನ ತಂತಿಗಳ ಕ್ರಮ ಬೇರೆ ಇದ್ದು ಯಂತ್ರವೇ ಸುಟ್ಟುಹೋಗಬಹುದು. ಆದ್ದರಿಂದ ಗೆಳೆಯನ ಪೆಟ್ಟಿಗೆ ಅದರ ಕೇಬಲುಗಳೊಂದಿಗೇ ಬಂದಿತ್ತು. ಗ್ರಾಫಿಕ್ಸ್ ಕಾರ್ಡು ಬಕಾಸುರನಂಥದು. ಅದು ಕುಳಿತ ಬೋರ್ಡಿನ ಸಂದಿಯಿಂದ 75 ವಾಟ್, ಎಂಟು ಮುಳ್ಳಿನ ಒಂದೊಂದು ಪ್ಲಗ್ಗಿನಿಂದ 150 ವಾಟ್‌ವರೆಗೆ ಎಳೆದುಕೊಳ್ಳಬಲ್ಲದು. ಕ್ಷಣಕಾಲ ಅದನ್ನೂ ಮೀರುವುದುಂಟು. ನಮ್ಮ ಕಾರ್ಡಿಗೆ ಅಂಥ ಪ್ಲಗ್ಗು ಎರಡು. ಗೆಳೆಯನ ಪೆಟ್ಟಿಗೆಯಿಂದ ಅವಕ್ಕೆ ಎರಡು ಬೇರೆ ಬೇರೆ ಕೇಬಲು ಬಂದಿದ್ದುವು. ನಮ್ಮದರಲ್ಲಿ, ಜೋಡಿಸಿದವರು ಎರಡು ಬಾಯಿಯ ಒಂದೇ ಕೇಬಲನ್ನು ಎರಡಕ್ಕೂ ಸಿಕ್ಕಿಸಿ ಕೈತೊಳೆದುಕೊಂಡಿದ್ದರು. ಹಳೆಯ ಆಟಗಳ ಹಸಿವಿಗೆ ಅಷ್ಟು ಸಾಕಾಗಿತ್ತು. ಹೊಸ ಆಟದಲ್ಲಿ ಬೆಂಕಿ ಎದ್ದಾಗ ಕಾರ್ಡು ಒಮ್ಮೆಗೇ ಎಳೆಯುತ್ತಿತ್ತು. ಒಂಟಿ ಕೇಬಲು ಸೋಲುತ್ತಿತ್ತು.

ಅಟ್ಟ ಹತ್ತಿ ಎಸ್.ಎಂ.ಪಿ.ಎಸ್. ಬಂದಿದ್ದ ಹಳೆಯ ರಟ್ಟಿನ ಪೆಟ್ಟಿಗೆಯನ್ನು ಇಳಿಸಿದೆವು. ತಳದಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಎರಡನೆಯ ಕೇಬಲು, ಬಿಚ್ಚದೆ ಇಟ್ಟದ್ದು ಇಟ್ಟಂತೆಯೇ ಇತ್ತು. ಅದನ್ನು ಹಾಕಿದ ಮೇಲೆ ಒಂದು ವಾರ ಕಪ್ಪು ಸುಳಿಯಲಿಲ್ಲ. ಸರಿಹೋಯಿತಲ್ಲ ಎಂದು ನಾನು ಮುಚ್ಚಳ ಹಾಕಲು ಹೋದರೆ ಹುಡುಗ ಒಪ್ಪಲಿಲ್ಲ. ಹಳೆಯ ಜೋಡಣೆಯನ್ನೇ ಮತ್ತೆ ಮಾಡಿ ಆಟಕ್ಕೆ ಕುಳಿತ. ಇಪ್ಪತ್ತೈದನೆಯ ನಿಮಿಷಕ್ಕೆ ಪರದೆ ಕಪ್ಪಾಯಿತು. ತಾನು ಆಡುತ್ತಿದ್ದ ಆಟ ಹೋಯಿತೆಂದು ಅವನು ಅಷ್ಟು ಸಂತೋಷಪಟ್ಟದ್ದನ್ನು ನಾನು ಹಿಂದೆ ಕಂಡಿರಲಿಲ್ಲ. ಎರಡು ಕೇಬಲುಗಳನ್ನೂ ಹಾಕಿ ಆಮೇಲೆ ಮುಚ್ಚಳ ಮುಚ್ಚಿದ. ಹೋದದ್ದು ಬೋರ್ಡಲ್ಲ, ಎಸ್.ಎಂ.ಪಿ.ಎಸ್. ಅಲ್ಲ. ಖರ್ಚು ಒಂದು ಬಿಡಿಗಾಸೂ ಇಲ್ಲ.

ಯಂತ್ರಕ್ಕೆ ಬಿಡುಗಡೆಯಾಯಿತು, ಹುಡುಗನಿಗೆ ಇನ್ನೂ ಆಗಿರಲಿಲ್ಲ. ಅವನ ಮೇಲಿನ ಆರೋಪ ಹಾಗೆಯೇ ನಿಂತಿತ್ತು. ಯಂತ್ರ ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಮಲಗಿದ್ದ ಮೂರು ವಾರದಲ್ಲಿಯೇ ಎರಡನೆಯ ಕಿರುಪರೀಕ್ಷೆ ನಡೆದು, ಗಣಿತಕ್ಕೆ 19 ಬಂದಿತ್ತು. "ಆಟವಿಲ್ಲದಿದ್ದರೂ ಮಾರ್ಕ್ಸು ಏರಲಿಲ್ಲವಲ್ಲ, ವ್ಯತಿರೇಕ ಕೂಡಲಿಲ್ಲ" ಎಂದು ಭಾವಮೈದುನನಿಗೆ ಹೇಳಿದೆ. ಅವನೂ ಸುಮ್ಮನೆ ಬಿಡುವವನಲ್ಲ. "ಆ ಮೂರು ವಾರ ರಿಪೇರಿಯಲ್ಲೇ ಕಳೆದನಲ್ಲ, ಭಾವ" ಎಂದ. ನ್ಯಾಯವಾದ ಆಕ್ಷೇಪಣೆಯೇ. ಹಾಗಾದರೆ ಬರೆದೇ ನೋಡೋಣವೆಂದು ಎರಡು ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಮುಂದಿಟ್ಟುಕೊಂಡು ಅಪ್ಪಮಗ ಕುಳಿತೆವು. ಅದೇ ನೋಟುಪುಸ್ತಕ, ಅದೇ ಗೆರೆ. ಯಾವ ಲೆಕ್ಕ, ಎಷ್ಟನೆಯ ಸಾಲಿನವರೆಗೆ ಸರಿ, ಎಲ್ಲಿ ಜಾರಿತು.

ಗಣಿತ ನನಗೆ ಬಾರದು. ಎಲ್ಲಿ ಜಾರಿತೆಂದು ಅವನೇ ಹೇಳುತ್ತಿದ್ದ, ನಾನು ಬರೆದುಕೊಳ್ಳುತ್ತಿದ್ದೆ. ತಪ್ಪಾದ ಹದಿನಾಲ್ಕು ಲೆಕ್ಕಗಳಲ್ಲಿ ಹನ್ನೊಂದು ಒಂದೇ ಜಾಗದಲ್ಲಿ ಮುಗ್ಗರಿಸಿದ್ದುವು. ಕಲನಶಾಸ್ತ್ರದ ವಿಧಾನ ಅವನಿಗೆ ಗೊತ್ತು. ನಡುವೆ ತ್ರಿಕೋನಮಿತಿಯ ಒಂದು ರೂಪವನ್ನು ಇನ್ನೊಂದಕ್ಕೆ ತಿರುಗಿಸಬೇಕಾಗಿ ಬಂದಾಗ ಕೈ ನಿಂತುಹೋಗುತ್ತಿತ್ತು. ಆ ಅಧ್ಯಾಯ ಮೊದಲನೆಯ ಪಿ.ಯು.ಸಿ.ಯದು. ಅದನ್ನು ತರಗತಿಯಲ್ಲಿ ಹೇಳಿದ ದಿನಗಳಲ್ಲಿ ಅವನು ಡೆಂಗೆ ಜ್ವರದಲ್ಲಿ ಮಲಗಿದ್ದ. ಗುಣವಾಗಿ ಹೋಗುವ ಹೊತ್ತಿಗೆ ತರಗತಿ ಮುಂದಕ್ಕೆ ಹೋಗಿತ್ತು. ಆ ವರ್ಷದ ಪರೀಕ್ಷೆಗೆ ಹೇಗೋ ಸಾಕಾಯಿತು. ಈ ವರ್ಷದ ಭಾರ ಬಿದ್ದಾಗ, ಒಂಟಿ ಕೇಬಲಿನಂತೆ, ಸೋತಿತು. "ಹೇಳಬಾರದಿತ್ತೇನೋ?" ಎಂದೆ. "ಯಾರೂ ಕೇಳಲಿಲ್ಲ. ಆಡೋದು ಬಿಡು ಅಂತ ಎಲ್ಲರೂ ಹೇಳಿದರು" ಎಂದ.

ನಮ್ಮ ಬೀದಿಯಲ್ಲಿಯೇ ಇರುವ ನಿವೃತ್ತ ಗಣಿತದ ಮೇಷ್ಟರು ಹತ್ತು ಸಂಜೆ ಕೂರಿಸಿಕೊಂಡು ಆ ಒಂದು ಅಧ್ಯಾಯವನ್ನು ಹೇಳಿಕೊಟ್ಟರು. ಮುಂದಿನ ಪರೀಕ್ಷೆಯಲ್ಲಿ 31 ಬಂತು. ಪವಾಡವೇನಲ್ಲ, ವಾಚಕರು 48 ಎಂದು ನಿರೀಕ್ಷಿಸಿದ್ದರೆ ಕ್ಷಮಿಸಬೇಕು. ಯಂತ್ರ ಪೂರ್ತಿ ನಿರ್ದೋಷಿಯೆಂದೂ ನಾನು ಸಾಧಿಸುತ್ತಿಲ್ಲ. ಅದರ ಮುಂದೆ ಕುಳಿತವನಿಗೆ ಗಡಿಯಾರ ಕಾಣುವುದಿಲ್ಲವೆಂಬುದು ನಿಜ. ಅದಕ್ಕಾಗಿ ಸಂಜೆಯ ಒಂದು ಗಂಟೆಯ ಕಟ್ಟು ಈಗಲೂ ಇದೆ. ಆದರೆ ಗೌರಿಹಬ್ಬಕ್ಕೆ ಅದನ್ನು ಮಾರಿಬಿಟ್ಟಿದ್ದರೆ ಏನಾಗುತ್ತಿತ್ತು? ಕೋಣೆ ಬರಿದಾಗುತ್ತಿತ್ತು, ಆ ಅಧ್ಯಾಯ ಬಾರದೆಯೇ ಉಳಿಯುತ್ತಿತ್ತು, ಹುಡುಗ ಮಜ್ಜಿಗೆಗೆ ಕಾಯದೆ ಏಳುವುದು ಅಭ್ಯಾಸವಾಗುತ್ತಿತ್ತು.

'ಹುಳುಕು ಹುಡುಕುವವನು' ಎಂಬುದು ನಮ್ಮ ಭಾಷೆಯಲ್ಲಿ ಬೈಗುಳ. ಕೊಂಕು ತೆಗೆಯುವವನಿಗೆ ಆ ಹೆಸರು. ಆದರೆ ಇನ್ನೊಬ್ಬರ ಮೇಲೆ ಹೊರಿಸುವುದಕ್ಕಾಗಿ ಹುಳುಕು ಹುಡುಕುವುದೇ ಬೇರೆ, ತೆಗೆಯುವುದಕ್ಕಾಗಿ ಹುಡುಕುವುದೇ ಬೇರೆ. ಎರಡನೆಯದರಲ್ಲಿ ಸಿಟ್ಟಿಗೆ ಸ್ಥಳವಿಲ್ಲ. ಕಾಗದ, ಪೆನ್ಸಿಲು, ಸ್ವಲ್ಪ ಬಿಡುವು, ಒಂದು ಸಲಕ್ಕೆ ಒಂದನ್ನೇ ಬದಲಾಯಿಸುವ ಸಂಯಮ, ಇಷ್ಟೇ ಬೇಕಾದದ್ದು. ಸಿಕ್ಕಿದಾಗ ಯಾರೂ ಸೋಲುವುದಿಲ್ಲ.

ಮೊನ್ನೆ ಭಾವಮೈದುನ ತನ್ನ ಲ್ಯಾಪ್‌ಟಾಪನ್ನು ಹಿಡಿದುಕೊಂಡು ಬಂದ. ತುಂಬ ನಿಧಾನವಾಗಿದೆಯಂತೆ, ಅವನ ಆಫೀಸಿನವರು, ಮುದಿಯಾಗಿದೆ, ಹೊಸದು ತೆಗೆದುಕೊಳ್ಳಿ ಎಂದರಂತೆ. ಸೋದರಳಿಯ ಅದನ್ನು ತೆರೆಯುವ ಮೊದಲು ನೋಟುಪುಸ್ತಕ ತಂದು ಕುಳಿತು, "ಯಾವಾಗಿನಿಂದ ಹೀಗಾಗ್ತಿದೆ, ಮಾವ? ಏನು ಮಾಡ್ತಿರುವಾಗ?" ಎಂದು ಕೇಳಿದ. ಕೇಳಿಸಿಕೊಂಡ ಭಾವಮೈದುನ ಸ್ವಲ್ಪ ಹೊತ್ತು ಯೋಚಿಸಿ, ನಿಧಾನವಾಗಿ ಹೇಳತೊಡಗಿದ.